20 ಟನ್ ಕಡ್ಲೆಕಾಯಿ ಕಳಿಸಿ ನಿಂತುಹೋದ ಸೀರಿಯಲ್ ವಾಪಸ್ ತರಿಸಿದವರು: ‘ಜೆರಿಕೋ’ ನೋಡಿದವರು ಯಾರಾದರೂ ಇದ್ದೀರಾ?

ತೀರ್ಥಹಳ್ಳಿ ಮಳೆ:

ಅಟ್ಟ ಗುಡಿಸುವಾಗ ಹಳೇ ಪೆಟ್ಟಿಗೆಯಲ್ಲಿ ‘ಜೆರಿಕೋ’ ಡಿವಿಡಿ ಸಿಕ್ಕಿತು. ರಾತ್ರಿ ಕೂತು ಮೂರು ಎಪಿಸೋಡ್ ನೋಡಿಬಿಟ್ಟೆ. ಆಗಿನ ದಿನಗಳೆಲ್ಲ ನೆನಪಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

2006ರಲ್ಲಿ ನಾನು ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿದ್ದೆ. ಬುಧವಾರ ರಾತ್ರಿ 8 ಗಂಟೆಗೆ ಸಿಬಿಎಸ್ ಚಾನೆಲ್‌ನಲ್ಲಿ ಇದು ಬರುತ್ತಿತ್ತು. ಕಥೆ ಇಷ್ಟು. ಕಾನ್ಸಸ್ ರಾಜ್ಯದ ಒಂದು ಸಣ್ಣ ಊರು, ಹೆಸರು ಜೆರಿಕೋ. ಒಂದು ದಿನ ದೂರದಲ್ಲಿ, ಡೆನ್ವರ್ ನಗರದ ಕಡೆ, ಅಣುಬಾಂಬಿನ ಹೊಗೆ ಏಳುತ್ತೆ. ಕರೆಂಟ್ ಹೋಗುತ್ತೆ, ಫೋನ್ ಹೋಗುತ್ತೆ, ಹೊರಗೆ ಏನಾಗಿದೆ ಅಂತ ಯಾರಿಗೂ ಗೊತ್ತಿಲ್ಲ. ಡೇಲ್ ಅನ್ನೋ ಹುಡುಗನಿಗೆ ಮಾತ್ರ ಮನೆ ಫೋನಿನಲ್ಲಿ ಅವನ ಅಮ್ಮ ಬಿಟ್ಟ ಮೆಸೇಜ್ ಸಿಗುತ್ತೆ. ಅವಳು ಅಟ್ಲಾಂಟಾದಲ್ಲಿದ್ದಳು. ಮಾತಾಡುತ್ತಿರುವಾಗಲೇ ಅದು ನಿಂತುಹೋಗುತ್ತೆ. ಹಾಗಾದರೆ ಡೆನ್ವರ್ ಒಂದೇ ಅಲ್ಲ ಅಂತ ಊರಿಗೆ ಗೊತ್ತಾಗುವುದು ಆಗಲೇ. ಆ ದೃಶ್ಯ ನೋಡಿದ ರಾತ್ರಿ ನಾನು ಎದ್ದು ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಸುಮ್ನೆ ಮಾತಾಡಿದ್ದೆ.

ಬಾಂಬು, ಯುದ್ಧ ಅದರ ಜೀವಾಳ ಅಲ್ಲ. ಉಪ್ಪು ಎಷ್ಟಿದೆ, ಡೀಸೆಲ್ ಯಾರಿಗೆ ಕೊಡಬೇಕು, ಅಂಗಡಿಯವನು ರೇಟು ಜಾಸ್ತಿ ಮಾಡಿದರೆ ಏನು ಮಾಡಬೇಕು, ಪಕ್ಕದ ಊರಿನವರು ಬಂದು ಕೇಳಿದರೆ ಕೊಡಬೇಕಾ ಬೇಡ್ವಾ, ಇದೇ ಅದರ ಜೀವಾಳ. ಹಳ್ಳಿಯಲ್ಲಿ ಬೆಳೆದವರಿಗೆ ಅದು ತಕ್ಷಣ ಹತ್ತಿರ ಆಗುತ್ತೆ.

ಮೊದಲ ಎಪಿಸೋಡನ್ನು ಒಂದು ಕೋಟಿಗೂ ಜಾಸ್ತಿ ಜನ ನೋಡಿದರು. ಆಮೇಲೆ ಚಾನೆಲ್‌ನವರು ನವೆಂಬರ್ ಕೊನೆಯಲ್ಲಿ ನಿಲ್ಲಿಸಿ ಫೆಬ್ರವರಿವರೆಗೂ ರಜೆ ಕೊಟ್ಟರು. ಸುಮಾರು ಮೂರು ತಿಂಗಳು! ವಾಪಸ್ ಬಂದಾಗ ಎದುರಿಗೆ ‘ಅಮೆರಿಕನ್ ಐಡಲ್’ ಇತ್ತು. ಜನ ಕಡಿಮೆಯಾದರು. 2007ರ ಮೇ 9ರಂದು ಮೊದಲ ಸೀಸನ್ನಿನ ಕೊನೇ ಎಪಿಸೋಡ್ ಬಂತು, ಯುದ್ಧ ಶುರುವಾಗುವ ಹೊತ್ತಿಗೆ ಪರದೆ ಕಪ್ಪಾಯಿತು. ಒಂದೇ ವಾರಕ್ಕೆ, ಮೇ 16ಕ್ಕೆ, ಇನ್ನು ಜೆರಿಕೋ ಇಲ್ಲ ಅಂತ ಹೇಳಿಬಿಟ್ಟರು.

ಆಗ ಅಭಿಮಾನಿಗಳು ಕಡ್ಲೆಕಾಯಿ ಕಳಿಸೋಕೆ ಶುರು ಮಾಡಿದರು. ನ್ಯೂಜೆರ್ಸಿಯಲ್ಲೇ ಒಂದು ಅಂಗಡಿ ಇತ್ತು, ಇಂಟರ್ನೆಟ್ಟಿನಲ್ಲಿ ಗೋಡಂಬಿ, ಬಾದಾಮಿ, ಕಡ್ಲೆಕಾಯಿ ಮಾರುತ್ತಿತ್ತು, ನಟ್ಸ್‌ಆನ್‌ಲೈನ್ ಅಂತ ಹೆಸರು. ಅಲ್ಲಿ ದುಡ್ಡು ಕಟ್ಟಿದರೆ ಸಿಬಿಎಸ್ ಕಚೇರಿಗೆ ಮೂಟೆ ಹೋಗುತ್ತಿತ್ತು. ಒಟ್ಟು 40 ಸಾವಿರ ಪೌಂಡ್. ಅಮೆರಿಕದ ಲೆಕ್ಕದಲ್ಲಿ 20 ಟನ್, ನಮ್ಮ ಲೆಕ್ಕದಲ್ಲಿ 18 ಸಾವಿರ ಕೆಜಿ ಚಿಲ್ಲರೆ. ಎರಡು ಲಾರಿ ಲೋಡು ಅಂದುಕೊಳ್ಳಿ. ಅದರಲ್ಲಿ ನನ್ನದೂ ಒಂದು ಪಾಲು ಇದೆ. ಕಚೇರಿಯಲ್ಲಿ ಜೊತೆಗಿದ್ದ ನಾಲ್ವರು ಸೇರಿ ಕಳಿಸಿದ್ದೆವು.

ಮೂರೇ ವಾರ. ಜೂನ್ 6ಕ್ಕೆ ಚಾನೆಲ್‌ನ ಮನರಂಜನೆ ವಿಭಾಗದ ಮುಖ್ಯಸ್ಥೆ ನೀನಾ ಟ್ಯಾಸ್ಲರ್ ಅಭಿಮಾನಿಗಳಿಗೇ ನೇರವಾಗಿ ಪತ್ರ ಬರೆದರು. ಇನ್ನೂ 7 ಎಪಿಸೋಡ್ ಮಾಡ್ತೀವಿ ಅಂತ. ಕೊನೆಯಲ್ಲಿ, ದಯವಿಟ್ಟು ಇನ್ನು ನಟ್ಸ್ ಕಳಿಸಬೇಡಿ ಅಂತಲೂ ಕೇಳಿಕೊಂಡಿದ್ದರು.

ಇಲ್ಲಿ ಅದನ್ನು ನೋಡಿದವರು ಇದ್ದರೆ ಮಾತಾಡೋಣ ಬನ್ನಿ.

ಹಾಸನದ ಸೊಸೆ:

ನಾನು ನೋಡಿಲ್ಲ ಸರ್, ಆದರೆ ಓದಿ ಮೈ ಜುಮ್ಮೆಂದಿತು. ಕಡ್ಲೆಕಾಯೇ ಯಾಕೆ?

ಇನ್ನೊಂದು ಕೇಳಬೇಕಿತ್ತು. ನಮ್ಮತ್ತೆಗೆ 71 ವರ್ಷ. ಅವರು ದಿನಾ ನೋಡುತ್ತಿದ್ದ ಒಂದು ಸೀರಿಯಲ್ ಎರಡು ತಿಂಗಳ ಹಿಂದೆ ಅರ್ಧಕ್ಕೇ ನಿಂತುಹೋಯಿತು. ಶುಕ್ರವಾರ ಇತ್ತು, ಸೋಮವಾರ ಅದೇ ಹೊತ್ತಿಗೆ ಬೇರೆ ಸೀರಿಯಲ್ ಬಂತು. ಒಂದು ಮಾತು ಹೇಳಲಿಲ್ಲ. ಅತ್ತೆ ಈಗಲೂ ಏಳೂವರೆಗೆ ಬಂದು ಟಿವಿ ಮುಂದೆ ಕೂರುತ್ತಾರೆ. ಚಾನೆಲ್ ಹೆಸರು, ಸೀರಿಯಲ್ ಹೆಸರು ಇಲ್ಲಿ ಹಾಕಲ್ಲ, ಸುಮ್ನೆ ಜಗಳ ಬೇಡ. ಆದರೆ ನಮ್ಮಂಥವರು ಏನಾದರೂ ಮಾಡಬಹುದಾ?

ತೀರ್ಥಹಳ್ಳಿ ಮಳೆ:

ಮೊದಲು ಕಡ್ಲೆಕಾಯಿ ವಿಷಯ ಹೇಳಿಬಿಡ್ತೀನಿ ಮೇಡಂ.

ಎರಡನೇ ಮಹಾಯುದ್ಧದಲ್ಲಿ, 1944ರ ಡಿಸೆಂಬರ್ 22ರಂದು, ಬೆಲ್ಜಿಯಂನ ಬಾಸ್ಟೋನ್ ಊರಿನಲ್ಲಿ ಅಮೆರಿಕದ ಸೈನ್ಯವನ್ನು ಜರ್ಮನ್ನರು ಸುತ್ತುಗಟ್ಟಿದ್ದರು. ಶರಣಾಗಿ ಅಂತ ಚೀಟಿ ಕಳಿಸಿದರು. ಅಲ್ಲಿದ್ದ ಜನರಲ್ ಮೆಕಾಲಿಫ್ ವಾಪಸ್ ಕಳಿಸಿದ ಉತ್ತರ ಒಂದೇ ಪದ: ‘ನಟ್ಸ್!’ ಆ ಪದಕ್ಕೆ ಬೀಜ, ಕಾಯಿ ಅನ್ನೋ ಅರ್ಥವೂ ಇದೆ, ‘ಹೋಗ್ರೀ, ಆಗಲ್ಲ’ ಅನ್ನೋ ಅರ್ಥವೂ ಇದೆ. ಜೆರಿಕೋ ಮೊದಲ ಸೀಸನ್ನಿನ ಕೊನೇ ಎಪಿಸೋಡಿನಲ್ಲಿ ಪಕ್ಕದ ನ್ಯೂ ಬರ್ನ್ ಊರಿನವರು ದಾಳಿಗೆ ಬಂದು ಶರಣಾಗಿ ಅಂತಾರೆ. ಆಗ ನಾಯಕ ಜೇಕ್ ಹೇಳೋದು ಇದೇ ಮಾತು. ಅದನ್ನು ಹಿಡಿದುಕೊಂಡೇ ಅಭಿಮಾನಿಗಳು ಕಡ್ಲೆಕಾಯಿ ಕಳಿಸಿದ್ದು. ನೀವು ನಿಲ್ಲಿಸಿ ಅಂದ್ರಿ, ನಾವು ಆಗಲ್ಲ ಅಂತೀವಿ ಅಂತ. ಮೂಟೆ ಒಡೆದು ನೋಡಿದವರಿಗೆ ಕಾಗದ ಓದದೆ ವಿಷಯ ಗೊತ್ತಾಗುತ್ತೆ. ಪೇಪರಿನವರೂ ಬರೆದರು, ಟಿವಿಯವರೂ ಹೇಳಿದರು.

ಅತ್ತೆಯವರ ವಿಷಯಕ್ಕೆ ಬರ್ತೀನಿ. ಇಲ್ಲಿ ಟಿವಿ ಕೆಲಸ ಗೊತ್ತಿರುವವರೂ ಇದ್ದಾರೆ, ಅವರೂ ಹೇಳಲಿ.

ವಿಚಿಟಾ ಕನ್ನಡಿಗ:

ನಾನು ಕಾನ್ಸಸ್‌ನಲ್ಲೇ ಇರೋದು, 2004ರಿಂದ. ಜೆರಿಕೋ ಬರುವಾಗ ಇಲ್ಲಿ ನಮ್ಮ ರಾಜ್ಯದ ಕಥೆ ಅಂತ ಎಲ್ಲರೂ ನೋಡುತ್ತಿದ್ದರು. ಹಿಂದೆ ಬೆಟ್ಟ ಕಾಣಿಸಿದಾಗ ಮಾತ್ರ ಎಲ್ಲರಿಗೂ ಬೇಜಾರು. ಈ ನೆಲ ಅಂಗೈ ಹಾಗೆ ಸಪಾಟು, ಅಂಥ ಬೆಟ್ಟ ಎಲ್ಲಿಂದ ಬರಬೇಕು. ಶೂಟಿಂಗ್ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಬೇರೆ. 2007ರ ಮೇ 4ರ ರಾತ್ರಿ ಗ್ರೀನ್ಸ್‌ಬರ್ಗ್ ಅನ್ನೋ ಊರಿಗೆ ಸುಂಟರಗಾಳಿ ಬಡಿಯಿತು. ನಮ್ಮಿಂದ ಎರಡು ಗಂಟೆಯೊಳಗಿನ ದಾರಿ. ಊರಿನ ನೂರಕ್ಕೆ 95 ಭಾಗ ನೆಲಸಮ. ಮರಗಳಿಗೆ ಸಿಪ್ಪೆಯೇ ಇರಲಿಲ್ಲ. ಅದಾಗಿ ಐದು ದಿನಕ್ಕೆ ಜೆರಿಕೋ ಕೊನೇ ಎಪಿಸೋಡ್. ನಿಂತುಹೋದ ಸುದ್ದಿ ಬಂದಾಗ ಅಭಿಮಾನಿಗಳು ಬರೀ ಚಾನೆಲ್ ಮೇಲೆ ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಕಡ್ಲೆಕಾಯಿ ದುಡ್ಡಿನಲ್ಲಿ ಒಂದು ಪಾಲು ಗ್ರೀನ್ಸ್‌ಬರ್ಗ್ ಕಟ್ಟೋಕೆ ಹೋಯಿತು. ಕಥೆಯಲ್ಲಿ ಕಾನ್ಸಸ್‌ನ ಒಂದು ಸಣ್ಣ ಊರು ಉಳಿಯೋಕೆ ಒದ್ದಾಡುತ್ತೆ, ನಿಜದಲ್ಲೂ ಒಂದು ಊರು ಹಾಗೇ ಒದ್ದಾಡುತ್ತಿತ್ತು. ಎರಡನ್ನೂ ಸೇರಿಸಿ ಯೋಚನೆ ಮಾಡಿದರಲ್ಲ, ಅದು ನನಗೆ ಬಹಳ ದೊಡ್ಡದು ಅನಿಸಿತು. ಆಮೇಲಿನ ಬೇಸಿಗೆಯಲ್ಲಿ ಆ ಊರಿಗೆ ಹೋಗಿ ಬಂದೆ, ಹೊಸ ಮನೆಗಳು ಏಳುತ್ತಿದ್ದವು.

ನೇರ ಮಾತು:

ಕ್ಷಮಿಸಿ, ನನಗೆ ಇದು ಅಷ್ಟು ದೊಡ್ಡ ಗೆಲುವು ಅನಿಸಲ್ಲ. ಏಳು ಎಪಿಸೋಡ್ ಬಂತು, 2008ರ ಮಾರ್ಚ್‌ನಲ್ಲಿ ಮತ್ತೆ ನಿಲ್ಲಿಸಿದರು. ಅಷ್ಟಕ್ಕೆ ಲಾರಿಗಟ್ಟಲೆ ತಿನ್ನೋ ಪದಾರ್ಥ ಪೋಲು ಮಾಡಬೇಕಿತ್ತಾ? ಬಳ್ಳಾರಿ, ಚಳ್ಳಕೆರೆ ಕಡೆ ಒಂದು ಮೂಟೆ ಕಡ್ಲೆಕಾಯಿ ಬೆಳೆಯೋಕೆ ರೈತ ಮಳೆಗಾಗಿ ಎಷ್ಟು ದಿನ ಆಕಾಶ ನೋಡಬೇಕು ಗೊತ್ತಾ.

ಮತ್ತೆ ಈ ಸಹಿ ಸಂಗ್ರಹ ಅನ್ನೋದೂ ಅಷ್ಟೇ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಕೊನೇ ಸೀಸನ್ ಮತ್ತೆ ಮಾಡಿ ಅಂತ 15 ಲಕ್ಷಕ್ಕೂ ಜಾಸ್ತಿ ಜನ ಆನ್‌ಲೈನ್‌ನಲ್ಲಿ ಸಹಿ ಹಾಕಿದರು. ಏನಾಯಿತು? ಏನೂ ಆಗಲಿಲ್ಲ.

ತೀರ್ಥಹಳ್ಳಿ ಮಳೆ:

ಪೋಲಾಗಲಿಲ್ಲ ಸರ್. ಬಂದದ್ದನ್ನು ಚಾನೆಲ್‌ನವರು ದಾನಸಂಸ್ಥೆಗಳಿಗೆ ಕೊಟ್ಟರು. ನೀವು ರೈತರ ಮಾತು ಎತ್ತಿದ್ದು ಸರಿಯೇ, ಅದು ಕೊಳೆತು ಕಸಕ್ಕೆ ಹೋಗಿದ್ದರೆ ನನಗೂ ಹೊಟ್ಟೆ ಉರಿಯುತ್ತಿತ್ತು.

ಏಳು ಎಪಿಸೋಡ್ ಕಡಿಮೆ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ಮೊದಲ ಸೀಸನ್ ಎಲ್ಲಿ ನಿಂತಿತ್ತು ನೋಡಿ. ಬಂದೂಕು ಎತ್ತಿದ್ದಾರೆ, ಊರಿನ ಹಿರಿಯ ಸತ್ತಿದ್ದಾನೆ, ಮಗ ಅಳೋಕೂ ಹೊತ್ತಿಲ್ಲದೆ ನಿಂತಿದ್ದಾನೆ. ಅಲ್ಲಿಗೇ ಮುಗಿದಿದ್ದರೆ ಆ 22 ಎಪಿಸೋಡ್ ನೋಡಿದವರ ಮನಸ್ಸಿನಲ್ಲಿ ಅದು ಯಾವತ್ತೂ ಮುಳ್ಳಿನ ಹಾಗೆ ಇರುತ್ತಿತ್ತು. ಎರಡನೇ ಸೀಸನ್ನಿಗೆ ಅವರು ಎರಡು ಥರದ ಕೊನೆ ಚಿತ್ರೀಕರಿಸಿ ಇಟ್ಟುಕೊಂಡಿದ್ದರು. ಮುಂದುವರಿದರೆ ಒಂದು, ಮುಗಿದರೆ ಇನ್ನೊಂದು. ಮಾರ್ಚ್ 25ರಂದು ಮುಗಿಯುವ ಕೊನೆ ಹಾಕಿದರು. ಕಥೆಗೆ ಒಂದು ದಡ ಸಿಕ್ಕಿತು. ಆಮೇಲೆ ಕಾಮಿಕ್ಸ್ ಪುಸ್ತಕಗಳಾಗಿಯೂ ಮೂರನೇ, ನಾಲ್ಕನೇ ಸೀಸನ್ ಬಂತು. ಆ ಕಡ್ಲೆಕಾಯಿಗೆ ನಾವು ಕೊಟ್ಟ ದುಡ್ಡು ಆ ದಡಕ್ಕೇ ಹೋಯಿತು ಅಂತ ನಾನು ತಿಳಿದಿದ್ದೇನೆ.

ಎರಡನೇ ಸಲ ಯಾಕೆ ನಿಂತಿತು ಅಂತಲೂ ಗೊತ್ತು. ಟ್ಯಾಸ್ಲರ್ ಅವರ ಪತ್ರದಲ್ಲೇ ಇತ್ತು, ನೋಡುವವರು ಜಾಸ್ತಿಯಾದರೆ ಮಾತ್ರ ಮುಂದೆ ಅಂತ. ಫೆಬ್ರವರಿ 12ಕ್ಕೆ ವಾಪಸ್ ಬಂದಾಗ ಸುಮಾರು 70 ಲಕ್ಷ ಜನ ನೋಡಿದರು. ಮಂಗಳವಾರ ರಾತ್ರಿ 10 ಗಂಟೆಗೆ ಇಟ್ಟಿದ್ದರು ಬೇರೆ. ನಮ್ಮ ದೊಡ್ಡ ಪಾಠ ಅದೇ. ಕಳಿಸಿದವರೆಲ್ಲ ಹೊಸಬರನ್ನು ಕರೆತರಬೇಕಿತ್ತು, ಅಷ್ಟು ಜನ ಬರಲಿಲ್ಲ.

ಜಾಹೀರಾತು ಮನುಷ್ಯ:

18 ವರ್ಷ ಬೆಂಗಳೂರಿನಲ್ಲಿ ಜಾಹೀರಾತು ಕೊಳ್ಳುವ ಕೆಲಸ ಮಾಡಿದ್ದೇನೆ. ಅಂದರೆ ಸೋಪು, ಟೀಪುಡಿ ಕಂಪನಿಗಳ ಪರವಾಗಿ ಯಾವ ಸೀರಿಯಲ್ ಮಧ್ಯೆ ಜಾಹೀರಾತು ಹಾಕಬೇಕು, ಹತ್ತು ಸೆಕೆಂಡಿಗೆ ಎಷ್ಟು ಕೊಡಬೇಕು ಅಂತ ನೋಡುವ ಕೆಲಸ. ಹಾಸನದ ಮೇಡಂಗೆ ಉಪಯೋಗ ಆಗಬಹುದು ಅಂತ ಸ್ವಲ್ಪ ಉದ್ದ ಬರೀತೀನಿ.

ಚಾನೆಲ್‌ಗೆ ನೋಡುಗರು ಗಿರಾಕಿ ಅಲ್ಲ. ಗಿರಾಕಿ ಜಾಹೀರಾತು ಕೊಡುವವರು. ನೋಡುಗರು ಅಲ್ಲಿ ತೂಕಕ್ಕೆ ಹಾಕುವ ಸರಕು. ಕೇಳೋಕೆ ಕಷ್ಟ, ಆದರೆ ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಮತ್ತೆ ಎಲ್ಲರನ್ನೂ ತೂಕಕ್ಕೆ ಹಾಕಲ್ಲ. ಅಮೆರಿಕದಲ್ಲಿ ನೀಲ್ಸನ್ ಕಂಪನಿ ಕೆಲವು ಮನೆಗಳನ್ನು ಆರಿಸಿ ಅಲ್ಲಿ ಏನು ನೋಡ್ತಾರೆ ಅಂತ ಅಳೆಯುತ್ತೆ. ನಮ್ಮಲ್ಲಿ 2015ರಿಂದ ಬಾರ್ಕ್ ಅನ್ನೋ ಸಂಸ್ಥೆ ಆ ಕೆಲಸ ಮಾಡ್ತಿದೆ. ಚಾನೆಲ್‌ಗಳು ತಮ್ಮ ಧ್ವನಿಯ ಒಳಗೆ ಕಿವಿಗೆ ಕೇಳಿಸದ ಒಂದು ಗುರುತು ಹಾಕಿರುತ್ತವೆ. ಆರಿಸಿದ ಮನೆಯ ಮೀಟರ್ ಆ ಗುರುತು ಹಿಡಿದು ಯಾವ ಚಾನೆಲ್ ಅಂತ ಬರೆದುಕೊಳ್ಳುತ್ತೆ. ವಾರಕ್ಕೊಮ್ಮೆ ಲೆಕ್ಕ ಬರುತ್ತೆ. ನಿಮ್ಮ ಮನೆಯಲ್ಲಿ ಮೀಟರ್ ಇಲ್ಲ ಅಂದರೆ ಅತ್ತೆ ದಿನಾ ತಪ್ಪದೆ ನೋಡಿದರೂ ಆ ಲೆಕ್ಕದಲ್ಲಿ ಇಲ್ಲ. ಮೀಟರ್ ಇರುವ ಮನೆಗಳನ್ನೇ ಇಡೀ ರಾಜ್ಯದ ಮಾದರಿ ಅಂತ ಹಿಡೀತಾರೆ.

ಜೆರಿಕೋಗೆ ಆದದ್ದೂ ಇದೇ. ಅದನ್ನು ತುಂಬಾ ಜನ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡುತ್ತಿದ್ದರು, ಇಲ್ಲವೇ ಸಿಬಿಎಸ್ ವೆಬ್‌ಸೈಟಿನಲ್ಲಿ. ಆಗ ಅದಕ್ಕೆ ಜಾಹೀರಾತಿನ ಮಾರುಕಟ್ಟೆಯಲ್ಲಿ ಬೆಲೆ ಬಹಳ ಕಡಿಮೆ. 2007ರ ಆ ಗಲಾಟೆ ಆದ ಮೇಲೆ, ಅದೇ ವರ್ಷದ ಕೊನೆಗೆ, ಅಮೆರಿಕದಲ್ಲಿ ಮೂರು ದಿನದೊಳಗೆ ನೋಡಿದ್ದನ್ನೂ ಸೇರಿಸಿ ಜಾಹೀರಾತಿನ ಲೆಕ್ಕ ಹಾಕೋ ಪದ್ಧತಿ ಬಂತು. ಆ ಬದಲಾವಣೆ ಹೇಗೂ ಬರುವುದರಲ್ಲಿತ್ತು, ಜೆರಿಕೋದಿಂದ ಬಂದದ್ದಲ್ಲ. ಆದರೆ ಲೆಕ್ಕಕ್ಕೆ ಸಿಗದ ನೋಡುಗರು ಎಷ್ಟಿದ್ದಾರೆ ಅಂತ ಕಡ್ಲೆಕಾಯಿ ಮೂಟೆಗಳು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದವು.

ಇದಕ್ಕಿಂತ ಜಾಣತನದ ಕೆಲಸ ಮಾಡಿದವರು ‘ಚಕ್’ ಅಭಿಮಾನಿಗಳು. ಎನ್‌ಬಿಸಿ ಚಾನೆಲ್‌ನ ಸೀರಿಯಲ್. 2009ರಲ್ಲಿ ಎರಡನೇ ಸೀಸನ್ ಮುಗಿಯುವಾಗ ನಿಂತೇ ಹೋಗುತ್ತೆ ಅನ್ನೋ ಸ್ಥಿತಿ. ಅಭಿಮಾನಿಗಳು ಚಾನೆಲ್ ಬಾಗಿಲು ಬಡಿಯಲಿಲ್ಲ. ಸೀರಿಯಲ್ ಒಳಗೇ ಸಬ್‌ವೇ ಸ್ಯಾಂಡ್‌ವಿಚ್ ತೋರಿಸುತ್ತಿದ್ದರಲ್ಲ, ಆ ಅಂಗಡಿಗೇ ಹೋದರು. ಕೊನೇ ಎಪಿಸೋಡ್ ಬರುವ ದಿನ, ಏಪ್ರಿಲ್ 27ಕ್ಕೆ, ಊರೂರಲ್ಲಿ ಸಬ್‌ವೇಗೆ ಹೋಗಿ ಸ್ಯಾಂಡ್‌ವಿಚ್ ಕೊಂಡು, ಅಲ್ಲಿನ ಸಲಹೆ ಚೀಟಿಯಲ್ಲಿ ‘ಚಕ್‌ನಿಂದಾಗಿ ಬಂದೆವು’ ಅಂತ ಬರೆದು ಹಾಕಿದರು. ದುಡ್ಡು ಕೊಡುವವನಿಗೆ ನೇರವಾಗಿ ಲೆಕ್ಕ ತೋರಿಸಿದರು. ಸಬ್‌ವೇ ಮುಂದಿನ ಸೀಸನ್ನಿಗೆ ಪ್ರಾಯೋಜಕ ಆಯಿತು. ಚಕ್ ಐದು ಸೀಸನ್ ನಡೆದು 2012ರಲ್ಲಿ ಮುಗಿಯಿತು, 91 ಎಪಿಸೋಡ್. ನನ್ನ ವೃತ್ತಿಯವರಿಗೆ ಇದಕ್ಕಿಂತ ಚೆನ್ನಾಗಿ ಅರ್ಥ ಆಗುವ ಭಾಷೆ ಇಲ್ಲ.

‘ನೇರ ಮಾತು’ ಅವರು ಹೇಳಿದ 15 ಲಕ್ಷ ಸಹಿ ಯಾಕೆ ಕೆಲಸ ಮಾಡಲಿಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಆನ್‌ಲೈನ್‌ನಲ್ಲಿ ಒಂದು ಸಹಿಗೆ ಹತ್ತು ಸೆಕೆಂಡು ಸಾಕು. ಅದೂ ಅವರು ಕೇಳಿದ್ದು ಮುಗಿದ ಕಥೆಯನ್ನು ಬದಲಾಯಿಸಿ ಅಂತ.

ಧಾರವಾಡದ ಹಿರಿಯ:

ನೀವೆಲ್ಲ 2007, 2009 ಅಂತಿದ್ದೀರಿ. ಇದರ ಮೂಲ 1968ರಲ್ಲಿದೆ ನೋಡ್ರಿ.

‘ಎಂಟರ್‌ಪ್ರೈಸ್’ ಅನ್ನೋ ಬಾಹ್ಯಾಕಾಶ ನೌಕೆಯ ಕಥೆ ‘ಸ್ಟಾರ್ ಟ್ರೆಕ್’ 1966ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿಯಲ್ಲಿ ಶುರುವಾಯಿತು. ಎರಡನೇ ಸೀಸನ್ ನಡೆಯುವಾಗಲೇ ನಿಲ್ಲಿಸುತ್ತಾರೆ ಅನ್ನೋ ಸುದ್ದಿ ಹಬ್ಬಿತು. ಕ್ಯಾಲಿಫೋರ್ನಿಯಾದ ಬ್ಜೋ ಟ್ರಿಂಬಲ್ ಮತ್ತು ಅವರ ಗಂಡ ಜಾನ್ ಟ್ರಿಂಬಲ್ ಇಬ್ಬರೂ ಸೇರಿ ಕಾಗದ ಬರೆಯುವ ಚಳವಳಿ ಶುರು ಮಾಡಿದರು. ಆಗ ಇಂಟರ್ನೆಟ್ ಎಲ್ಲಿ? ಒಬ್ಬರು ಹತ್ತು ಜನಕ್ಕೆ ಹೇಳಬೇಕು, ಆ ಹತ್ತು ಜನ ಮತ್ತೆ ಹತ್ತು ಜನಕ್ಕೆ. ಒಂದೇ ಕಾಗದಕ್ಕೆ ನೂರು ಸಹಿ ಬೇಡ, ಪ್ರತಿಯೊಬ್ಬರೂ ತಮ್ಮ ಮಾತಿನಲ್ಲೇ ಬೇರೆ ಬೇರೆ ಬರೆಯಿರಿ ಅನ್ನೋದು ಅವರ ಪಟ್ಟು. ನೂರು ಸಹಿ ಇದ್ದರೂ ಅದು ಒಂದೇ ಲಕೋಟೆ. ನೂರು ಕಾಗದ ಅಂದರೆ ನೂರು ಸಲ ಯಾರಾದರೂ ಒಡೆದು ಓದಬೇಕು. ಕ್ಯಾಲ್‌ಟೆಕ್ ಕಾಲೇಜಿನ ಹುಡುಗರು 1968ರ ಜನವರಿಯಲ್ಲಿ ಬರ್ಬ್ಯಾಂಕ್‌ನ ಎನ್‌ಬಿಸಿ ಕಚೇರಿಗೆ ಮೆರವಣಿಗೆ ಹೋದರು.

ಒಂದು ಲಕ್ಷಕ್ಕೂ ಜಾಸ್ತಿ ಕಾಗದ ಬಂದವು. ಮಾರ್ಚ್ 1ರಂದು ಎಪಿಸೋಡ್ ಮುಗಿದ ಮೇಲೆ ಟಿವಿಯಲ್ಲೇ ಹೇಳಿದರು, ಮುಂದಿನ ವರ್ಷವೂ ಸ್ಟಾರ್ ಟ್ರೆಕ್ ಇರುತ್ತೆ ಅಂತ.

ಆದರೆ ಮೂರನೇ ಸೀಸನ್ನನ್ನು ಶುಕ್ರವಾರ ರಾತ್ರಿ 10 ಗಂಟೆಗೆ ದೂಡಿದರು. ಹರೆಯದವರು ಮನೆಯಲ್ಲೇ ಇರದ ಹೊತ್ತು. ದುಡ್ಡೂ ಕಡಿಮೆ ಮಾಡಿದರು. 1969ರಲ್ಲಿ ಮುಗಿಯಿತು. ಹಾಗಾದರೆ ಸೋತರಾ? ಇಲ್ಲ. ಆ ಮೂರನೇ ಸೀಸನ್ ಸೇರಿ ಒಟ್ಟು 79 ಎಪಿಸೋಡ್ ಆಯಿತು. ಸ್ಥಳೀಯ ಚಾನೆಲ್‌ಗಳು ದಿನಾ ಮರುಪ್ರಸಾರ ಮಾಡಬೇಕು ಅಂದರೆ ಅಷ್ಟು ಸಂಖ್ಯೆ ಬೇಕಿತ್ತು. 70ರ ದಶಕದಲ್ಲಿ ಮರುಪ್ರಸಾರದಲ್ಲೇ ಅದು ದೊಡ್ಡದಾಗಿ ಬೆಳೆದದ್ದು. 1976ರಲ್ಲಿ ಅಭಿಮಾನಿಗಳು ಮತ್ತೆ ಕಾಗದ ಬರೆದರು, ಈ ಸಲ ಅಮೆರಿಕದ ಅಧ್ಯಕ್ಷರಿಗೇ. ನಾಸಾದ ಮೊದಲ ಸ್ಪೇಸ್ ಶಟಲ್‌ಗೆ ‘ಎಂಟರ್‌ಪ್ರೈಸ್’ ಅಂತ ಹೆಸರು ಬಂದದ್ದು ಹಾಗೆ. 1979ರಲ್ಲಿ ಸಿನಿಮಾ ಬಂತು.

80ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಇದೇ ಹಳೇ ಸ್ಟಾರ್ ಟ್ರೆಕ್ ಬರುತ್ತಿತ್ತು. ಓಣಿಗೆ ಒಂದೇ ಟಿವಿ. ಚಾಪೆ ಹಾಸಿಕೊಂಡು ಹದಿನೈದು ಜನ ಕೂರುತ್ತಿದ್ದೆವು. ಇಂಗ್ಲಿಷ್ ಅರ್ಧ ಅರ್ಥ ಆಗುತ್ತಿತ್ತು, ಅರ್ಧ ಇಲ್ಲ. ಯಾರೋ ಕ್ಯಾಲಿಫೋರ್ನಿಯಾದಲ್ಲಿ ಕೂತು ಕೈಯಲ್ಲಿ ಬರೆದ ಕಾಗದದಿಂದ ನಮ್ಮ ಓಣಿಗೂ ಅದು ಬಂದು ತಲುಪಿತಲ್ಲ ಅಂತ ಆಮೇಲೆ ಓದಿ ತಿಳಿದಾಗ ನನಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ರಾತ್ರಿ ಆಕಾಶ:

ಅಜ್ಜ, ನೀವು ಬರೆದದ್ದು ಓದಿ ಖುಷಿಯಾಯಿತು. ನನ್ನದು ‘ಎಕ್ಸ್‌ಪ್ಯಾನ್ಸ್’ ಕಾಲ.

2018ರ ಮೇನಲ್ಲಿ ಸೈಫೈ ಚಾನೆಲ್ ಮೂರನೇ ಸೀಸನ್ ನಡೆಯುತ್ತಿರುವಾಗಲೇ ಅದನ್ನು ಕೈಬಿಟ್ಟಿತು. ನಾನಾಗ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲ್‌ನಲ್ಲಿ ಆರು ಜನ ಸೇರಿ ಅಮೆಜಾನ್‌ಗೆ ಮನವಿ ಕಳಿಸಿದೆವು. ಪ್ರಪಂಚದ ಎಲ್ಲ ಕಡೆಯಿಂದ ಸೇರಿ ಒಂದು ಲಕ್ಷಕ್ಕೂ ಜಾಸ್ತಿ ಸಹಿ ಬಂದವು. ಆದರೆ ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ದುಡ್ಡು ಸೇರಿಸಿ ಒಂದು ಸಣ್ಣ ವಿಮಾನ ಬಾಡಿಗೆಗೆ ತಗೊಂಡು, ‘ಸೇವ್ ದಿ ಎಕ್ಸ್‌ಪ್ಯಾನ್ಸ್’ ಅನ್ನೋ ಬ್ಯಾನರ್ ಕಟ್ಟಿ ಅಮೆಜಾನ್ ಸ್ಟುಡಿಯೋ ಕಚೇರಿ ಮೇಲೆ ಹಾರಿಸಿದರು. ಮೇ ಕೊನೆಯಲ್ಲಿ ಲಾಸ್ ಏಂಜಲಿಸ್‌ನ ಬಾಹ್ಯಾಕಾಶ ಸಮ್ಮೇಳನದಲ್ಲಿ, ನಟರು ಎದುರಿಗೇ ಕೂತಿರುವಾಗ, ಜೆಫ್ ಬೆಜೋಸ್ ಸೀರಿಯಲ್ ಉಳಿಯಿತು ಅಂತ ಹೇಳಿದರು. ಆ ವಿಡಿಯೋದಲ್ಲಿ ನಟರು ಎದ್ದು ಕಿರುಚೋದು ನೋಡಿ ನಾವೂ ಹಾಸ್ಟೆಲ್‌ನಲ್ಲಿ ಕಿರುಚಿದ್ದೆವು. ಇನ್ನೂ ಮೂರು ಸೀಸನ್ ಬಂತು, 2022ರ ಜನವರಿಯಲ್ಲಿ ಮುಗಿಯಿತು.

ಅದೇ ಮೇ ತಿಂಗಳಲ್ಲಿ ‘ಬ್ರೂಕ್ಲಿನ್ ನೈನ್-ನೈನ್’ ಅನ್ನು ಫಾಕ್ಸ್ ಕೈಬಿಟ್ಟಿತು, ಎರಡು ದಿನ ಆಗುವುದರೊಳಗೆ ಎನ್‌ಬಿಸಿ ಎತ್ತಿಕೊಂಡಿತು. 2021ರಲ್ಲಿ ‘ಮ್ಯಾನಿಫೆಸ್ಟ್’ದೂ ಹೀಗೇ. ಎನ್‌ಬಿಸಿ ಜೂನ್‌ನಲ್ಲಿ ನಿಲ್ಲಿಸಿತು, ಅದೇ ತಿಂಗಳು ಹಳೇ ಸೀಸನ್‌ಗಳು ನೆಟ್‌ಫ್ಲಿಕ್ಸ್‌ಗೆ ಬಂದು ಮೇಲಕ್ಕೆ ಹೋಗಿ ಕೂತವು. ಕಥೆಯಲ್ಲಿನ ವಿಮಾನದ ನಂಬರ್ 828. ನೆಟ್‌ಫ್ಲಿಕ್ಸ್ ಕೊನೇ ಸೀಸನ್ ಮಾಡ್ತೀವಿ ಅಂತ ಹೇಳಿದ ದಿನ ಆಗಸ್ಟ್ 28, ಅಮೆರಿಕದವರು ಬರೆಯುವ ಲೆಕ್ಕದಲ್ಲಿ 8/28!

ಈಗ ಒಂದು ಚಾನೆಲ್ ಬಾಗಿಲು ಹಾಕಿದರೆ ಇನ್ನೊಂದು ಬಾಗಿಲು ಇರುತ್ತೆ. ಸ್ಟಾರ್ ಟ್ರೆಕ್‌ನವರಿಗೆ ಅದಿರಲಿಲ್ಲ ಅಲ್ವಾ.

ನೇರ ಮಾತು:

ಇದೆಲ್ಲ ಇಂಗ್ಲಿಷ್ ಸೀರಿಯಲ್‌ಗಳ ಮಾತಾಯಿತು. ಪ್ರಪಂಚದಲ್ಲೆಲ್ಲ ನೋಡುವವರಿದ್ದಾರೆ, ಬಿಟ್ಟರೆ ಎತ್ತಿಕೊಳ್ಳೋಕೆ ಜನ ಇದ್ದಾರೆ. ಕನ್ನಡದಲ್ಲಿ ಯಾರು ಎತ್ತಿಕೊಳ್ತಾರೆ? ಟಿ. ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2020ರಲ್ಲಿ, ಆ ಕೊರೊನಾ ಕಾಲದಲ್ಲಿ ನಿಂತಾಗ ನಾನೂ ಬೇಜಾರು ಮಾಡಿಕೊಂಡವನೇ. ನಮ್ಮ ಮನೆಯಲ್ಲಿ ಅಪ್ಪ ನೋಡುತ್ತಿದ್ದ ಒಂದೇ ಸೀರಿಯಲ್ ಅದು. ಎಷ್ಟು ಜನ ಬರೆದರು, ಕೇಳಿದರು. ನನಗೆ ಸಿಟ್ಟಿರೋದು ಅಭಿಮಾನಿಗಳ ಮೇಲಲ್ಲ ತೀರ್ಥಹಳ್ಳಿಯವರೇ. ಕೇಳಿ ಕೇಳಿ ಏನೂ ಆಗದೆ ಇದ್ದಾಗ ಮನಸ್ಸು ಹೀಗೆ ಆಗುತ್ತೆ.

ತೀರ್ಥಹಳ್ಳಿ ಮಳೆ:

ಅರ್ಥ ಆಯಿತು ಸರ್. ನಮ್ಮ ಮನೆಯಲ್ಲೂ ಅದೇ ಆಗಿತ್ತು. ಆದರೆ ಒಂದು ಮಾತು. 1998ರಲ್ಲಿ ಚಂದನದಲ್ಲಿ ಬಂದ ‘ಮಾಯಾಮೃಗ’ ಜನ ಮರೆಯದೇ ಇದ್ದದ್ದಕ್ಕೆ ತಾನೇ 2022ರಲ್ಲಿ ಸಿರಿ ಕನ್ನಡದಲ್ಲಿ ‘ಮತ್ತೆ ಮಾಯಾಮೃಗ’ ಬಂದದ್ದು? 24 ವರ್ಷ ಆದ ಮೇಲೆ. ಅದು ನಿಂತುಹೋದ ಸೀರಿಯಲ್ ಅಲ್ಲ, ಮುಗಿದದ್ದು, ಅಷ್ಟು ವ್ಯತ್ಯಾಸ ಇದೆ. ಆದರೂ ಕನ್ನಡದಲ್ಲಿ ವಾಪಸ್ ಬರೋದೇ ಇಲ್ಲ ಅನ್ನೋ ಹಾಗಿಲ್ಲ.

ವಿಚಿಟಾ ಕನ್ನಡಿಗ:

ನಾವೇ ದುಡ್ಡು ಹಾಕಿ ಮಾಡಿಸಿದರೆ ಹೇಗೆ? ನಿಂತುಹೋಗಿದ್ದ ‘ವೆರೋನಿಕಾ ಮಾರ್ಸ್’ ಸೀರಿಯಲ್‌ನ ಸಿನಿಮಾಗೆ 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ, ಅಂದರೆ ಜನರಿಂದ ದುಡ್ಡು ಸೇರಿಸುವ ವೆಬ್‌ಸೈಟಿನಲ್ಲಿ, 20 ಲಕ್ಷ ಡಾಲರ್ ಕೇಳಿದ್ದರು, ಅರ್ಧ ದಿನದೊಳಗೆ ಬಂತು. ಕೊನೆಗೆ 57 ಲಕ್ಷ ಡಾಲರ್, ಕೊಟ್ಟವರು 91 ಸಾವಿರಕ್ಕೂ ಜಾಸ್ತಿ ಜನ. 2014ರಲ್ಲಿ ಸಿನಿಮಾ ಬಂತು.

ಜಾಹೀರಾತು ಮನುಷ್ಯ:

ಒಂದು ಸಿನಿಮಾಗೆ ಸರಿ. ವಾರಕ್ಕೆ ಐದು ದಿನ ಬರುವ ನಮ್ಮ ಸೀರಿಯಲ್‌ಗೆ ಆಗಲ್ಲ. ದಿನಾ ಹೊಸ ಎಪಿಸೋಡ್ ಬೇಕು, ದಿನಾ ಖರ್ಚು. ಇನ್ನೊಂದು, ಆ ಸಿನಿಮಾದ ಹಕ್ಕು ದೊಡ್ಡ ಕಂಪನಿಯದು, ದುಡ್ಡು ಮಾತ್ರ ನೋಡುಗರದು ಅಂದರೆ ನನಗೆ ಅದು ಸರಿ ಕಾಣಲ್ಲ.

ಹಾಸನದ ಮೇಡಂ, ನೀವು ಸೀರಿಯಲ್ ಪೂರ್ತಿ ವಾಪಸ್ ಬೇಕು ಅಂತ ಕೇಳಬೇಡಿ. ಸೆಟ್ ಬಿಚ್ಚಿರುತ್ತಾರೆ, ನಟರು ಬೇರೆ ಕಡೆ ಒಪ್ಪಿಕೊಂಡಿರುತ್ತಾರೆ, ಆ ಹೊತ್ತನ್ನು ಬೇರೆಯವರಿಗೆ ಕೊಟ್ಟಾಗಿದೆ. ಕಥೆ ಮುಗಿಸಿ ಅಂತ ಕೇಳಿ. ಐದು ಎಪಿಸೋಡ್. ಅದೂ ಆಗಲ್ಲ ಅಂದರೆ ಒಂದು ಗಂಟೆಯ ಒಂದು ಎಪಿಸೋಡ್, ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೂ ಸಾಕು ಅನ್ನಿ. ಅಷ್ಟಕ್ಕೆ ಹೂಂ ಅನ್ನೋದು ಚಾನೆಲ್‌ಗೂ ಸುಲಭ. ಮತ್ತೆ ಸೀರಿಯಲ್ ಮಧ್ಯೆ ‘ಪ್ರಾಯೋಜಕರು’ ಅಂತ ಬರುತ್ತಿದ್ದ ಕಂಪನಿಗಳ ಹೆಸರು ಅತ್ತೆಯವರಿಗೆ ನೆನಪಿದ್ದರೆ, ಅವರಿಗೂ ಒಂದೊಂದು ಬರೆಯಿರಿ. ನಿಮ್ಮ ಸೋಪು, ನಿಮ್ಮ ಟೀಪುಡಿ ನಮ್ಮ ಮನೆಯಲ್ಲಿ ಇಷ್ಟು ವರ್ಷದಿಂದ ಇದೆ ಅಂತ ಬರೆಯಿರಿ, ನಿಜ ಇದ್ದರೆ ಮಾತ್ರ.

ರಾತ್ರಿ ಆಕಾಶ:

ಚಾನೆಲ್ ಮುಖ್ಯಸ್ಥರ ಪೇಜಿಗೆ ಎಲ್ಲರೂ ಒಟ್ಟಿಗೆ ಹೋಗಿ ಕಾಮೆಂಟ್ ಹಾಕಿ ಉಗಿದರೆ ಬೇಗ ಗಮನ ಕೊಡ್ತಾರೆ ಅನಿಸುತ್ತೆ.

ತೀರ್ಥಹಳ್ಳಿ ಮಳೆ:

ಬೇಡಪ್ಪ, ಅದೊಂದು ಬೇಡ. ಅಲ್ಲಿ ಕೂತು ಕಾಮೆಂಟ್ ಓದುವವರು ತಿಂಗಳ ಸಂಬಳದ ಹುಡುಗ ಹುಡುಗಿಯರು, ಸೀರಿಯಲ್ ನಿಲ್ಲಿಸಿದವರಲ್ಲ. ಮತ್ತೆ ಬೈದರೆ ಮೊದಲು ತೊಂದರೆ ಆಗೋದು ಅದರ ನಿರ್ದೇಶಕರಿಗೆ, ನಟರಿಗೆ. ನಾಳೆ ಅವರಿಗೆ ಅದೇ ಚಾನೆಲ್‌ನಲ್ಲಿ ಕೆಲಸ ಬೇಕು. ನಾವು ಮೂಟೆ ಜೊತೆ ಇಟ್ಟ ಚೀಟಿಯಲ್ಲಿ ಬರೆದದ್ದು ಯಾವ ಎಪಿಸೋಡ್ ಯಾಕೆ ಇಷ್ಟ ಆಯಿತು ಅಂತ. ಒಂದು ಕೆಟ್ಟ ಮಾತು ಬರೆಯಲಿಲ್ಲ.

ರಾತ್ರಿ ಆಕಾಶ:

ಸರಿ ಅಣ್ಣ. ಹಾಗೆ ಯೋಚನೆ ಮಾಡಿರಲಿಲ್ಲ.

ಧಾರವಾಡದ ಹಿರಿಯ:

ತಂಗಿ, ಪೋಸ್ಟ್ ಕಾರ್ಡ್ ಬರೆಯಿರಿ. ಈಗಲೂ 50 ಪೈಸೆ. ಈಮೇಲ್ ಒಂದೇ ಗುಂಡಿ ಒತ್ತಿದರೆ ಅಳಿಸಿಹೋಗುತ್ತೆ. ನೂರು ಕಾರ್ಡ್ ಬಂದರೆ ಯಾರಾದರೂ ಎತ್ತಿ ಮೇಜಿನ ಮೇಲೆ ಇಡಲೇಬೇಕು. ಎಲ್ಲದರಲ್ಲೂ ಒಂದೇ ಮಾತು ಇರಬಾರದು. ಮುಖ್ಯವಾಗಿ ಅತ್ತೆಯವರೇ ಕೈಯಾರೆ ಬರೆಯಲಿ.

ಹಾಸನದ ಸೊಸೆ:

ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನ ಆದಮೇಲೆ ಬರೀತಿದ್ದೇನೆ.

ನಮ್ಮ ಬೀದಿಯಲ್ಲಿ, ಅತ್ತೆಯ ಭಜನೆ ಗುಂಪಿನಲ್ಲಿ ಕೇಳಿದೆವು. ಅದೇ ಸೀರಿಯಲ್ ನೋಡುತ್ತಿದ್ದವರು 23 ಜನ ಸಿಕ್ಕರು. ಇಷ್ಟು ದಿನ ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ, ಎಲ್ಲರೂ ಅವರವರ ಮನೆಯಲ್ಲಿ ಬೇಜಾರು ಮಾಡಿಕೊಂಡು ಸುಮ್ಮನಿದ್ದರು. ಅಂಚೆ ಕಚೇರಿಯಲ್ಲಿ ಒಟ್ಟಿಗೆ ಅಷ್ಟು ಕಾರ್ಡ್ ಇರಲಿಲ್ಲ, ಎರಡು ಕಡೆಯಿಂದ ತಂದೆ. ಭಾನುವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬಂದರು. ಅವಲಕ್ಕಿ ಮಾಡಿದ್ದೆ. ಬರೆಯೋಕೆ ಬರದ ಇಬ್ಬರು ಅಜ್ಜಿಯರಿಗೆ ಎದುರು ಮನೆ ಹುಡುಗಿ ಕೇಳಿ ಕೇಳಿ ಬರೆದುಕೊಟ್ಟಳು. ಚಾನೆಲ್‌ಗೆ 23, ಎರಡು ಕಂಪನಿಗಳಿಗೆ ಒಟ್ಟು 17, ಸೇರಿ 40 ಕಾರ್ಡ್. ಇವತ್ತು ಬೆಳಗ್ಗೆ ಡಬ್ಬಿಗೆ ಹಾಕಿ ಬಂದೆ.

ಅತ್ತೆ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಬರೆದರು. ಯಾರಿಗೂ ತೋರಿಸಲಿಲ್ಲ. ಡಬ್ಬಿಗೆ ಹಾಕುವ ಮುಂಚೆ ನಾನು ಓದಿಬಿಟ್ಟೆ, ತಪ್ಪೇನೋ ಗೊತ್ತಿಲ್ಲ. ನಾಲ್ಕೇ ಸಾಲು ಇತ್ತು:

‘ಮಾನ್ಯರೇ, ನಾನು ನಿಮ್ಮ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸಿಲ್ಲ. ಯಜಮಾನರು ತೀರಿಕೊಂಡ ವಾರ ಮಾತ್ರ ನೋಡಲಿಲ್ಲ. ಆ ಹುಡುಗಿ ಅಪ್ಪನ ಜಮೀನಿಗೆ ಕೋರ್ಟಿಗೆ ಹೋಗಿದ್ದಳು. ಅವಳಿಗೆ ಜಮೀನು ಸಿಕ್ಕಿತೋ ಇಲ್ಲವೋ, ಅಷ್ಟು ತಿಳಿಸಿದರೂ ಸಾಕು.’